ಹತ್ತಿದಷ್ಟೇ ಇಳಿಜಾರು

ಕೆನಡಾದ ಗೋಲ್ಡನ್ ಊರಿಂದ ಹೊರಟ ಹೆಲಿಕಾಪ್ಟರ್ ನಮ್ಮನ್ನ ಸೆಲ್ಕರ್ಕ್ ಬೆಟ್ಟಗಳ ನಡುವಿನ ಮರದ ಮನೆ ಮುಂದೆ ಇಳಿಸಿ ಹೋಯ್ತು. ಇನ್ನು ಒಂದು ವಾರ ಹಿಮದ ಮೇಲೆ ಸ್ಕೀಯಿಂಗ್. ಬೆಟ್ಟದ ಮೇಲಕ್ಕೆ ಒಯ್ಯೋ ಲಿಫ್ಟ್ ಇಲ್ಲ, ಕಾಲೇ ಗತಿ. ಸ್ಕೀಯ ತಳಕ್ಕೆ ‘ಸ್ಕಿನ್’ ಪಟ್ಟಿ ಅಂಟಿಸಿ ಹತ್ತಬೇಕು. ಅದರ ನವಿರು ಬೆಕ್ಕಿನ ಮೈ ಥರ. ಮುಂದಕ್ಕೆ ಜಾರತ್ತೆ, ಹಿಂದಕ್ಕೆ ಹಿಡಿಯತ್ತೆ. ಮೂರನೇ ದಿನ ನನ್ನ ಪಟ್ಟಿಯ ಅಂಟಿಗೆ ಹಿಮ ಮೆತ್ತಿ ಕೈಕೊಡ್ತು. ಗೈಡ್ ಟೇಪ್ ಸುತ್ತಿಕೊಟ್ಟ.

ಬೆಳಗ್ಗೆ ಟ್ರಾನ್ಸೀವರ್ (ಹಿಮಕುಸಿತದಲ್ಲಿ ಹೂತುಹೋದವರನ್ನ ಹುಡುಕೋ ರೇಡಿಯೋ) ಪರೀಕ್ಷೆ ಆಗದೆ ಯಾರೂ ಹೊರಡೋ ಹಾಗಿಲ್ಲ. ಆಮೇಲೆ ಗೈಡ್ ಸಲಿಕೆಯಿಂದ ಗುಂಡಿ ತೋಡಿ ತೋರಿಸಿದ: ಗಟ್ಟಿ ಹಿಮದ ಕೆಳಗೆ ಸಕ್ಕರೆ ಥರ ಉದುರೋ ಪದರ. ಮೇಲಿನದು ಜಾರೋದು ಅದರ ಮೇಲೇ. ಆ ಚಂದದ ಇಳಿಜಾರು ಕ್ಯಾನ್ಸಲ್. ಬೇಜಾರಾಯ್ತು, ಸುಳ್ಳು ಯಾಕೆ ಹೇಳಲಿ.

ರಾತ್ರಿ ಪಾಸ್ತಾಗೆ ಅಮ್ಮನ ಚಟ್ನಿಪುಡಿ ಉದುರಿಸಿಕೊಂಡೆ. ಎರಡೇ ದಿನಕ್ಕೆ ಡಬ್ಬಿ ಖಾಲಿ. ನನಗೆ ಸಿಕ್ಕಿದ್ದು ಮೂರು ಚಮಚ.