ಎ, ಬಿ, ಸಿ ಗ್ರೇಡಿನ ಹಿಂದಿನ ಲೆಕ್ಕ

ಇಲ್ಲಿ ಅಮೆರಿಕದ ಕಾಲೇಜಿನಲ್ಲಿ ಸೆಮಿಸ್ಟರ್ ಶುರುವಾದಾಗಲೇ ಸಿಲಬಸ್ ಕೈಗೆ ಬರುತ್ತದೆ. ಪಾಠಗಳ ಪಟ್ಟಿ ಆಮೇಲೆ, ಎಲ್ಲರೂ ಮೊದಲು ಹುಡುಕುವುದು ಗ್ರೇಡಿಂಗ್ ಭಾಗವನ್ನೇ. ಯಾವುದಕ್ಕೆ ಎಷ್ಟು ತೂಕ ಅನ್ನುವುದನ್ನು ಸಾಮಾನ್ಯವಾಗಿ ಪಾಠ ಮಾಡುವ ಪ್ರೊಫೆಸರೇ ತೀರ್ಮಾನಿಸುತ್ತಾರೆ. ಪ್ರಶ್ನೆ ಪತ್ರಿಕೆ ತೆಗೆಯುವವರೂ ಅವರೇ.

ಒಂದು ಲೆಕ್ಕ ಹಾಕೋಣ. ಹೋಮ್‌ವರ್ಕ್‌ಗೆ 30, ಪ್ರಾಜೆಕ್ಟ್‌ಗೆ 20, ಮಿಡ್‌ಟರ್ಮ್‌ಗೆ 20, ಫೈನಲ್‌ಗೆ 30 ಪರ್ಸೆಂಟ್ ಅಂದುಕೊಳ್ಳಿ. ಒಬ್ಬ ಹುಡುಗನಿಗೆ ನೂರಕ್ಕೆ ಕ್ರಮವಾಗಿ 95, 90, 72, 74 ಬಂದಿದೆ. ತೂಕದ ಪ್ರಕಾರ 28.5, 18, 14.4, 22.2. ಒಟ್ಟು 83.1. ಹಲವು ಕಡೆ 93ರ ಮೇಲೆ ಎ, 90ರಿಂದ ಎ ಮೈನಸ್, 87ರಿಂದ ಬಿ ಪ್ಲಸ್, 83ರಿಂದ ಬಿ, 80ರಿಂದ ಬಿ ಮೈನಸ್. ಹಾಗಾಗಿ ಎರಡೂ ಪರೀಕ್ಷೆಯಲ್ಲಿ 75 ದಾಟದಿದ್ದರೂ ಇವನಿಗೆ ಬಿ. ಅದೇ ಹತ್ತು ಹೋಮ್‌ವರ್ಕ್‌ನಲ್ಲಿ ಒಂದನ್ನು ಸೋಮಾರಿತನಕ್ಕೆ ಬಿಟ್ಟಿದ್ದರೆ? ಹೆಚ್ಚುಕಡಿಮೆ 3 ಹೋಯಿತು, ಬಿ ಮೈನಸ್‌ಗೆ ಇಳಿದ. ಜಿಪಿಎ, ಅಂದರೆ ಎಲ್ಲ ಕೋರ್ಸ್‌ಗಳ ಗ್ರೇಡಿನ ಸರಾಸರಿ, ಸಾಮಾನ್ಯವಾಗಿ ನಾಲ್ಕಕ್ಕೆ ಇರುತ್ತದೆ. ಆ ಲೆಕ್ಕದಲ್ಲಿ ಬಿ ಅಂದರೆ 3.0, ಬಿ ಮೈನಸ್ ಅಂದರೆ 2.7. ಮಾಸ್ಟರ್ಸ್ ಮಾಡುವವರು ಸರಾಸರಿ 3.0 ಉಳಿಸಿಕೊಳ್ಳಬೇಕು ಅಂತ ಎಷ್ಟೋ ಕಾಲೇಜುಗಳಲ್ಲಿ ನಿಯಮ ಇರುವುದರಿಂದ ಇದು ಸಣ್ಣ ವಿಷಯ ಅಲ್ಲ.

ಆನ್‌ಲೈನ್‌ನಲ್ಲಿ ಕಾಣುವ ಒಟ್ಟು ಅಂಕವನ್ನು ನೋಡಿ ಸುಮ್ನೆ ಖುಷಿಪಡಬೇಡಿ. ಅಸೈನ್‌ಮೆಂಟ್ ಕೊಡುವ, ಅಂಕ ನೋಡುವ ಕ್ಯಾನ್ವಾಸ್‌ನಂಥ ವೆಬ್‌ಸೈಟ್‌ನಲ್ಲಿ ಅಲ್ಲಿಯವರೆಗೆ ತಿದ್ದಿದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿದಿರಬಹುದು. ಕೊಡದ ಅಸೈನ್‌ಮೆಂಟ್ ಬರೀ ಒಂದು ಗೆರೆಯಾಗಿ ಕೂತಿರುತ್ತದೆ. ಅಲ್ಲಿ ಸೊನ್ನೆ ತುಂಬಿದ ದಿನ ನಿಜವಾದ ಅಂಕ ಗೊತ್ತಾಗುತ್ತದೆ.

ನಾನು ಟಿಎ, ಅಂದರೆ ಪ್ರೊಫೆಸರಿಗೆ ಪಾಠದ ಕೆಲಸದಲ್ಲಿ ನೆರವಾಗುವ ವಿದ್ಯಾರ್ಥಿ ಆಗಿ ಪೇಪರ್ ತಿದ್ದುವವನೂ ಹೌದು. ನಮ್ಮ ಮುಂದೆ ರೂಬ್ರಿಕ್, ಅಂದರೆ ಯಾವ ಹೆಜ್ಜೆಗೆ ಎಷ್ಟು ಅಂಕ ಅನ್ನುವ ಪಟ್ಟಿ ಇರುತ್ತದೆ. ಹತ್ತು ಅಂಕದ ಲೆಕ್ಕಕ್ಕೆ ಸಮೀಕರಣ ಸರಿಯಾಗಿ ಬರೆದರೆ 3, ಬಿಡಿಸಿದ ರೀತಿಗೆ 5, ಕೊನೆಯ ಉತ್ತರಕ್ಕೆ 2. ಬರೀ ಉತ್ತರ ಬರೆದವರಿಗೆ ಆ ಎರಡೇ ಅಂಕ. ಉತ್ತರ ತಪ್ಪಿದ್ದರೂ ಹೆಜ್ಜೆ ಹೆಜ್ಜೆಯಾಗಿ ಬರೆದವರು 8 ತೆಗೆಯುತ್ತಾರೆ. ಮನಸ್ಸಿನಲ್ಲೇ ಲೆಕ್ಕ ಮಾಡಿ ಮುಗಿಸುವ ಜಾಣರಿಗೆ ಇದು ಅನ್ಯಾಯ ಅನ್ನಿಸುತ್ತದೆ, ಆದರೆ ನನಗೇನೋ ಸರಿ ಅನ್ನಿಸುತ್ತದೆ.

ಕರ್ವ್, ಅಂದರೆ ಇಡೀ ಕ್ಲಾಸಿನ ಅಂಕ ನೋಡಿ ಗ್ರೇಡಿನ ಗಡಿ ಹೊಂದಿಸುವುದು, ಅದರ ಬಗ್ಗೆ ಜಾಸ್ತಿ ಆಸೆ ಇಟ್ಟುಕೊಳ್ಳುವುದೂ ಬೇಡ. ಪೇಪರ್ ತೀರಾ ಕಷ್ಟವಾಗಿದ್ದರೆ ಕೆಲವರು ಗಡಿಯನ್ನು ಕೆಳಗಿಳಿಸುತ್ತಾರೆ, ಕೆಲವರು ಜಪ್ಪಯ್ಯ ಅಂದರೂ ಇಳಿಸುವುದಿಲ್ಲ. 89.6 ಬಂದವರು "90 ಮಾಡಿ ಸರ್" ಅಂತ ಸೆಮಿಸ್ಟರ್ ಕೊನೆಯಲ್ಲಿ ಬರೆಯುವ ಮೇಲ್‌ಗಳಿಗಂತೂ ಎಷ್ಟೋ ಸಲ ಸಿಲಬಸ್‌ನಲ್ಲೇ ಉತ್ತರ ಇರುತ್ತದೆ: ರೌಂಡಿಂಗ್ ಇಲ್ಲ.

ತಿದ್ದಿದ್ದು ತಪ್ಪು ಅನ್ನಿಸಿದರೆ ರೀಗ್ರೇಡ್ ಕೇಳಬಹುದು. ಯಾವ ಪ್ರಶ್ನೆ, ರೂಬ್ರಿಕ್‌ನ ಯಾವ ಸಾಲು ಅಂತ ಹೇಳಿ ಗಡುವಿನೊಳಗೆ ಬರೆಯಬೇಕು. ಕೆಲವು ಕೋರ್ಸ್‌ಗಳಲ್ಲಿ ಆಗ ಇಡೀ ಪೇಪರನ್ನೇ ಮತ್ತೆ ನೋಡುತ್ತಾರೆ. ಇದ್ದ ಅಂಕವೂ ಕಡಿಮೆಯಾಗಬಹುದು.