ಕೆನ್ನೆಯೊಳಗಿನ ಕಲ್ಲುಹೂವು

ನನ್ನ ಬಾಯುರಿಗೆ ಕಾರಣ ಏನು ಅಂತ ನಮ್ಮ ಮನೆಯಲ್ಲಿ ಕೇಳಿದರೆ ಮೂರು ಉತ್ತರ ಸಿಗುತ್ತದೆ. ಭಾವನವರು ಲಸಿಕೆ ಅನ್ನುತ್ತಾರೆ. ಮಗ ಕೊರೊನಾ ಅನ್ನುತ್ತಾನೆ. ನಮ್ಮವರು ಪೇಪರಿನಿಂದ ತಲೆ ಎತ್ತದೆ, "ಮೊದಲಿಂದಲೂ ಸೂಜಿಮೆಣಸು ಜಾಸ್ತಿ ತಿಂತಿದ್ದೆಯಲ್ಲ" ಅನ್ನುತ್ತಾರೆ.

ಆದದ್ದು ಇಷ್ಟು. 2021ರ ಏಪ್ರಿಲ್‌ನಲ್ಲಿ 45 ದಾಟಿದವರಿಗೆಲ್ಲ ಲಸಿಕೆ ಶುರುವಾದಾಗ ಮೊದಲ ಡೋಸ್ ಹಾಕಿಸಿಕೊಂಡೆ. ಮೇ ತಿಂಗಳಲ್ಲಿ ಕೊರೊನಾ ಬಂತು. ಹತ್ತು ದಿನ ಕೋಣೆಯಲ್ಲಿ ಕೂತು ಗಂಜಿ ಕುಡಿದೆ, ರುಚಿಯೂ ಇಲ್ಲ, ವಾಸನೆಯೂ ಇಲ್ಲ. ಗುಣವಾಗಿ ಮೂರು ತಿಂಗಳು ಕಾಯಬೇಕು ಅಂದಿದ್ದರಿಂದ ಎರಡನೇ ಡೋಸ್ ಆಗಸ್ಟ್ ಕೊನೆಗೆ ಆಯಿತು. ದೀಪಾವಳಿ ಹೊತ್ತಿಗೆ ಪೇಸ್ಟ್ ನೊರೆ ತಾಗಿದರೂ ಕೆನ್ನೆ ಒಳಗೆ ಚುರ್ ಅನ್ನತೊಡಗಿತು.

ಕನ್ನಡಿ ಮುಂದೆ ಮೊಬೈಲ್ ಟಾರ್ಚ್ ಹಿಡಿದು ಕೆನ್ನೆ ಎಳೆದು ನೋಡಿದೆ. ಹಿಂದಿನ ದವಡೆ ಹಲ್ಲಿನ ಎದುರಿಗೆ ಬಿಳಿ ಗೆರೆಗಳು. ಸಣ್ಣ ಜೇಡ ಬಲೆ ಕಟ್ಟಿದ ಹಾಗೆ, ಒಂದಕ್ಕೊಂದು ಸಿಕ್ಕಿಕೊಂಡು. ಹಾಲಿನ ಕೆನೆ ಅಂಟಿರಬೇಕು ಅಂತ ಬಟ್ಟೆಯಿಂದ ಒರೆಸಿದೆ. ಹೋಗಲಿಲ್ಲ. ಇನ್ನೊಂದು ಕೆನ್ನೆಯಲ್ಲೂ ಅದೇ.

ಮೊದಲು ತೋರಿಸಿದ ಡಾಕ್ಟರು ಬಾಯಿ ಸರಿಯಾಗಿ ನೋಡಲೂ ಇಲ್ಲ. ಬಿ-12 ಕಮ್ಮಿ ಅಂತ ಮೂರು ತಿಂಗಳು ಗುಳಿಗೆ ನುಂಗಿಸಿದರು. ಎರಡನೆಯವರು ಕೇಳಿದ ಮೊದಲ ಪ್ರಶ್ನೆ, "ಅಡಿಕೆ ತಿಂತೀರಾ ಅಮ್ಮಾ?" ಶಿರಸಿ ಕಡೆಯವರು ಅಂದ ಮೇಲೆ ಕೇಳದೆ ಇರುತ್ತಾರಾ! ನಾನು ಅಡಿಕೆ ಸುಲಿಯುವವಳು, ತಿನ್ನುವವಳಲ್ಲ. ಅಡಿಕೆ ತಿಂದು ಬಾಯಿ ಗಟ್ಟಿಯಾಗುವ ರೋಗ ಬೇರೆಯೇ ಇದೆಯಂತೆ. ಮೂರು ಬೆರಳು ಒಟ್ಟಿಗೆ ಬಾಯೊಳಗೆ ಹೋಗುತ್ತದಾ ಅಂತ ನೋಡಿ, ಹೋಗುತ್ತದೆ ಅಂದ ಮೇಲೆ ಅದನ್ನು ಬಿಟ್ಟರು. ನನ್ನನ್ನು ಹುಬ್ಬಳ್ಳಿಗೆ ಕಳಿಸಿದರು.

ಅಲ್ಲಿ ಬೇಳೆಯಷ್ಟು ಚೂರು ಕತ್ತರಿಸಿ ಒಂದು ಹೊಲಿಗೆ ಹಾಕಿದರು. ವರದಿ ಬರುವ ತನಕ ಒಂದು ವಾರ ಮನೆಯಲ್ಲಿ ಯಾರೂ ಆ ಒಂದು ಶಬ್ದ ಎತ್ತಲಿಲ್ಲ. ಕ್ಯಾನ್ಸರ್ ಅಲ್ಲ ಅಂತ ಬಂತು. ಲೈಕನ್ ಪ್ಲೇನಸ್. ಲೈಕನ್ ಅಂದರೆ ನಮ್ಮ ಕಲ್ಲುಹೂವು ಕಣ್ರೀ. ಮಸಾಲೆಗೆ ಹಾಕುವುದು, ತೋಟದಲ್ಲಿ ಅಡಿಕೆ ಮರದ ಮೇಲೆ ಬೆಳ್ಳಗೆ ಹಬ್ಬುವುದು, ಎಲ್ಲ ಅದೇ ಜಾತಿ. ಅದರ ಹಾಗೆ ಕಾಣುತ್ತದೆ ಅಂತ ಎರಾಸ್ಮಸ್ ವಿಲ್ಸನ್ ಎಂಬ ಇಂಗ್ಲಿಷ್ ಡಾಕ್ಟರು 1869ರಲ್ಲಿ ಇಟ್ಟ ಹೆಸರು. ಇದು ನಿಜವಾದ ಕಲ್ಲುಹೂವೂ ಅಲ್ಲ, ಅಂಟುರೋಗವೂ ಅಲ್ಲ. ಮೈ ಕಾಯಬೇಕಾದ ಬಿಳಿ ರಕ್ತಕಣಗಳೇ ಕೆನ್ನೆಯ ಒಳಚರ್ಮದ ಮೇಲೆ ಬೀಳುವುದು. ಮಧ್ಯವಯಸ್ಸಿನ ಹೆಂಗಸರಲ್ಲಿ ಜಾಸ್ತಿ.

"ಲಸಿಕೆಯಿಂದಲಾ, ಕೊರೊನಾದಿಂದಲಾ?" ಅಂತ ಕೇಳಿಯೇ ಬಿಟ್ಟೆ. ಆ ಡಾಕ್ಟರು ಕುರ್ಚಿ ಎಳೆದುಕೊಂಡು ಕೂತರು. ಎರಡರ ನಂತರವೂ ಹೀಗೆ ಆದವರ ಬಗ್ಗೆ ವೈದ್ಯರು ಬರೆದಿದ್ದಾರೆ, ಆಗುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ ಅಂದರು. ಆದರೆ ಆ ಅಕ್ಟೋಬರಿಗೆ ದೇಶದಲ್ಲಿ 100 ಕೋಟಿ ಡೋಸ್ ಆಗಿತ್ತು. ಲಸಿಕೆ ಇಲ್ಲದಿದ್ದರೂ ಈ ಕಾಯಿಲೆ ಬರುತ್ತಿದ್ದ ಹೆಂಗಸರೂ ಅದರಲ್ಲಿ ಎಷ್ಟೋ ಜನ ಇದ್ದರು, ಅಲ್ವಾ? ನೀವು ಯಾವ ಗುಂಪು ಅಂತ ನಿಮ್ಮ ಕೆನ್ನೆ ನೋಡಿ ಹೇಳಲು ಬರುವುದಿಲ್ಲ ಅಂದರು. ಬೇರೆ ಕಾರಣ ಏನಾದರೂ ಇರಬಹುದಾ ಅಂತಲೂ ಹುಡುಕಿದರು. ಹೆಪಟೈಟಿಸ್ ಸಿ ಎಂಬ ಯಕೃತ್ತಿನ ಸೋಂಕು ಇದೆಯಾ ಅಂತ ರಕ್ತ ಪರೀಕ್ಷೆ ಮಾಡಿಸಿದರು, ಬಿಪಿ ಮಾತ್ರೆ ಯಾವುದು ಅಂತ ಕೇಳಿದರು. ಹಳೆಯ ಬೆಳ್ಳಿ ತುಂಬಿಸಿದ ಹಲ್ಲಿನ ಮೇಲೂ ಅನುಮಾನ ಪಟ್ಟರು. ಅದರಿಂದಾದರೆ ಆ ಹಲ್ಲು ತಾಗುವ ಕಡೆ ಮಾತ್ರ ಇರಬೇಕಿತ್ತಂತೆ; ಎರಡೂ ಕೆನ್ನೆಯಲ್ಲಿ ಗೆರೆ ಇದ್ದದ್ದರಿಂದ ಹಲ್ಲು ಬಚಾವಾಯಿತು.

ನನಗೆ ಆ ಉತ್ತರ ಹಿಡಿಸಿತು. ಭಾವನವರಿಗೆ ಹಿಡಿಸಲಿಲ್ಲ. 2022ರಲ್ಲಿ ಮೂರನೇ ಡೋಸನ್ನೂ ತೆಗೆದುಕೊಂಡೆ, ಉರಿ ಹೆಚ್ಚಾಗಲಿಲ್ಲ. ಹೆಚ್ಚಾದದ್ದು ತಂಗಿಯ ಮಗಳ ಮದುವೆ ಓಡಾಟದಲ್ಲಿ. ಹಾಗಂತ ಮದುವೆಯನ್ನು ದೂರಲು ಆಗುತ್ತದಾ?

ಔಷಧ ಅಂದರೆ ಒಂದು ಸ್ಟಿರಾಯ್ಡ್ ಮುಲಾಮು. ಹತ್ತಿಯಿಂದ ಕೆನ್ನೆ ಒಣಗಿಸಿ ಹಚ್ಚಬೇಕು, ಅರ್ಧ ಗಂಟೆ ತಿನ್ನುವಂತಿಲ್ಲ, ಕುಡಿಯುವಂತಿಲ್ಲ. ಒಮ್ಮೆ ಅದರಿಂದಲೇ ಬಾಯಲ್ಲಿ ಬೂಸ್ಟು ಬಂತು. ಅದೂ ಬಿಳಿಯೇ, ಆದರೆ ಒರೆಸಿದರೆ ಕಿತ್ತು ಬರುತ್ತದೆ, ಈ ಗೆರೆ ಹಾಗೆ ಬರುವುದಿಲ್ಲ. ನೊರೆ ಬರದ ಪೇಸ್ಟ್ ಸಿಕ್ಕಿದ ಮೇಲೆ ಬೆಳಗಿನ ಅರ್ಧ ಕಷ್ಟ ಹೋಯಿತು. ಆರು ತಿಂಗಳಿಗೊಮ್ಮೆ ತೋರಿಸಬೇಕು. ನೂರರಲ್ಲಿ ಒಬ್ಬರಿಗೆ ಇದು ಮುಂದೆ ಕ್ಯಾನ್ಸರಿಗೆ ತಿರುಗಬಹುದಂತೆ. ಆ ಲೆಕ್ಕ ಕೇಳಿದ ರಾತ್ರಿ ನಿದ್ದೆ ಬಂದಿರಲಿಲ್ಲ. ಈಗ ಬರುತ್ತದೆ.

ಊಟ ಮಾತ್ರ ಬದಲಾಗಿದೆ. ಒಂದೆಲಗದ ತಂಬುಳಿ, ಮಜ್ಜಿಗೆ, ತಣಿದ ಅನ್ನ. ಉರಿ ಕಮ್ಮಿ ಇರುವ ದಿನ ಅಪ್ಪೆಮಿಡಿ ಭರಣಿ ತೆಗೆಯುತ್ತೇನೆ. ಒಂದು ಮಿಡಿಯನ್ನು ನಲ್ಲಿ ಕೆಳಗೆ ಹಿಡಿದು ಖಾರವೆಲ್ಲ ತೊಳೆಯುತ್ತೇನೆ. ತೊಳೆದರೂ ಪರಿಮಳ ಹೋಗುವುದಿಲ್ಲ. ಮೊನ್ನೆ ಅದನ್ನು ನೋಡಿದ ಭಾವನವರು, "ಎಲ್ಲ ಆ ಸೂಜಿಯಿಂದ" ಅಂದರು. "ಸೂಜಿಮೆಣಸಿಂದ" ಅಂದರು ನಮ್ಮವರು, ಪೇಪರು ಮಡಚುತ್ತಾ.