ಅಪ್ಪೆ ಅಂತ ಹುಡುಕಿದವರಿಗೆಲ್ಲ ಪಡ್ಡು ಬೇಕಿತ್ತು

ನಮ್ಮ ವೆಬ್‌ಸೈಟಿನ ಹೆಸರು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಇದು ಜಾಹೀರಾತಾಗುತ್ತದೆ, ಅಲ್ವಾ? ಸಾಗರದಿಂದ ತಾಳಗುಪ್ಪದ ಕಡೆ ಹೋಗುವಾಗ ಒಳಕ್ಕೆ ತಿರುಗಿದರೆ ನಮ್ಮ ಮನೆ. ಅತ್ತಿಗೆ ಅಪ್ಪೆಮಿಡಿ ಉಪ್ಪಿನಕಾಯಿ ಹಾಕುತ್ತಾರೆ. ಬಾಟಲಿಗೆ ತುಂಬುವುದು, ಲೇಬಲ್ ಅಂಟಿಸುವುದು, ಕೊರಿಯರ್, ವೆಬ್‌ಸೈಟ್ ಎಲ್ಲ ನನ್ನ ಪಾಲು. ಅತ್ತಿಗೆಗೆ ವೆಬ್‌ಸೈಟ್ ಅಂದರೆ ‘ನೀ ರಾತ್ರಿ ಕೂತು ಕುಟ್ತೀಯಲ್ಲ, ಅದು’.

ಕಳೆದ ವರ್ಷ ಬೆಂಗಳೂರಿನ ಹಳೇ ಗಿರಾಕಿಯೊಬ್ಬರು ಫೋನ್ ಮಾಡಿದರು. ‘ಬಾಟಲಿ ಎಸೆದುಬಿಟ್ಟಿದ್ದೆ, ನಿಮ್ಮ ನಂಬರ್ ಇರಲಿಲ್ಲ. ಗೂಗಲ್‌ನಲ್ಲಿ ಮಿಡಿ ಉಪ್ಪಿನಕಾಯಿ ಅಂತ ಹಾಕಿದೆ, ನಿಮ್ಮದು ಬರಲೇ ಇಲ್ಲ. ಬೇರೆಯವರದ್ದು ತರಿಸಿದೆ’ ಅಂದರು. ನಿಮ್ಮದರಷ್ಟು ಚೆನ್ನಾಗಿಲ್ಲ ಅಂತಲೂ ಸೇರಿಸಿದರು. ಆದರೆ ನನಗೆ ಮೊದಲಿನ ಮಾತೇ ಚುಚ್ಚಿತು. ಕೂಡಲೇ ನಾನೂ ಹುಡುಕಿ ನೋಡಿದೆ. ನಮ್ಮದೇ ಮೊದಲು ಬಂತು! ಇವರಿಗೆ ಕಣ್ಣು ಕಾಣಲ್ಲ ಅಂದುಕೊಂಡೆ.

ಕಾಣದಿದ್ದದ್ದು ನನಗೆ. ದಿನಕ್ಕೆ ಹತ್ತು ಸಲ ನಮ್ಮ ಸೈಟನ್ನೇ ತೆರೆಯುವ ಫೋನಿನಲ್ಲಿ, ಸಾಗರದಲ್ಲಿ ಕೂತು ಹುಡುಕಿದರೆ ಇನ್ನೇನು ಬರುತ್ತದೆ? ಗೂಗಲ್ ಊರು ನೋಡಿ, ಸ್ವಲ್ಪಮಟ್ಟಿಗೆ ಹಳೇ ಹುಡುಕಾಟ ನೋಡಿ ಬಡಿಸುತ್ತದೆ. ನಮ್ಮ ಗಿರಾಕಿಗಳು ಸಾಗರದಲ್ಲಿಲ್ಲ. ಇಲ್ಲಿಯವರಿಗೆ ಮನೆಮನೆಯಲ್ಲೂ ಜಾಡಿ ಇದೆ. ಬೆಂಗಳೂರಿನಲ್ಲಿರುವ ಅಣ್ಣನ ಮಗಳಿಗೆ ಇನ್‌ಕಾಗ್ನಿಟೋದಲ್ಲಿ, ಅಂದರೆ ಹಳೇ ಹುಡುಕಾಟ ಲೆಕ್ಕಕ್ಕೆ ಬಾರದ ಕಿಟಕಿಯಲ್ಲಿ, ಹುಡುಕಿ ಸ್ಕ್ರೀನ್‌ಶಾಟ್ ಕಳಿಸು ಅಂದೆ. ಅವಳು ಪುಟ ತಿರುವಿ ತಿರುವಿ ಕಳಿಸಿದಳು. ನಾವು ನಾಲ್ಕನೇ ಪುಟದಲ್ಲಿದ್ದೆವು. ಅಲ್ಲಿಯವರೆಗೆ ಯಾರು ಹೋಗುತ್ತಾರೆ?

ಇದಕ್ಕೂ ಮೊದಲು ಒಂದು ಕಂಪನಿಗೆ ದುಡ್ಡು ಕೊಟ್ಟು ಕೈ ಸುಟ್ಟುಕೊಂಡಿದ್ದೆ. ಮೂರೇ ತಿಂಗಳಲ್ಲಿ ಮೊದಲ ಪುಟಕ್ಕೆ ತರುತ್ತೇವೆ ಅಂದಿದ್ದರು. ಮಾಡಿದ್ದೇನು ಅಂತ ಆಮೇಲೆ ನೋಡಿದರೆ, ಪುಟದ ಹಿಂದೆ, ಓದುವವರಿಗೆ ಕಾಣದ ಮೆಟಾ ಕೀವರ್ಡ್ಸ್ ಎನ್ನುವ ಕಡೆ ಅರವತ್ತಕ್ಕೂ ಜಾಸ್ತಿ ಪದ ತುರುಕಿದ್ದರು. ಎದುರಾಳಿಗಳ ಹೆಸರೂ ಅದರಲ್ಲಿತ್ತು. ಹುಡುಕಾಟದ ಫಲಿತಾಂಶದಲ್ಲಿ ಸ್ಥಾನ ಕೊಡಲು ನಾವು ಅದನ್ನು ನೋಡುವುದೇ ಇಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ. ಇವರಿಗೆ ಸುದ್ದಿ ಇನ್ನೂ ಮುಟ್ಟಿರಲಿಲ್ಲ.

ಹಾಗಾಗಿ ಈ ಸಲ ನಾನೇ ಕೂತೆ. ಎಲ್ಲರಿಗಿಂತ ಮುಂದಿದ್ದ ನಾಲ್ಕು ಸೈಟ್‌ಗಳ ಹೆಸರು ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಬರೆದುಕೊಂಡೆ. ‘ಪ್ರಾಯೋಜಿತ’ ಅಂತ ಇದ್ದವನ್ನು ಬಿಟ್ಟೆ. ಅವರು ದುಡ್ಡು ಕೊಟ್ಟು ನಿಂತವರು. ಉಳಿದವರ ಪುಟ ತೆರೆದು, ಕಂಪ್ಯೂಟರಿನಲ್ಲಿ ಕಂಟ್ರೋಲ್ ಯು ಒತ್ತಿದರೆ ಪುಟದ ಹಿಂದಿನ ಕೋಡ್ ಕಾಣುತ್ತದೆ. ಅದರಲ್ಲಿ ಟೈಟಲ್ ಅಂತ ಒಂದು ಸಾಲು ಇರುತ್ತದೆ. ಗೂಗಲ್ ಸಾಮಾನ್ಯವಾಗಿ ನೀಲಿ ಅಕ್ಷರದಲ್ಲಿ ತೋರಿಸುವುದು ಅದನ್ನೇ. ಒಬ್ಬರದ್ದು ‘ಅಪ್ಪೆಮಿಡಿ ಉಪ್ಪಿನಕಾಯಿ, ಟೆಂಡರ್ ಮ್ಯಾಂಗೋ ಪಿಕಲ್, ಮಲೆನಾಡು’ ಅಂತಿತ್ತು. ಇನ್ನೊಬ್ಬರದ್ದೂ ಹೆಚ್ಚುಕಮ್ಮಿ ಹಾಗೇ. ಆಮೇಲೆ ನಮ್ಮದನ್ನು ತೆರೆದು ನೋಡಿದೆ.

‘ಹೋಮ್’.

ಅಷ್ಟೇ. ಮೂರು ವರ್ಷದಿಂದ ನಮ್ಮ ಅಂಗಡಿಯ ಬೋರ್ಡಿನಲ್ಲಿ ‘ಮನೆ’ ಅಂತ ಮಾತ್ರ ಬರೆದಿತ್ತು.

ಎದುರಾಳಿ ಸೈಟು ಯಾವ ಯಾವ ಪದಕ್ಕೆ ಬರುತ್ತದೆ ಅಂತ ತೋರಿಸುವ ಟೂಲ್‌ಗಳಿವೆ. ಎಹ್ರೆಫ್ಸ್, ಸೆಮ್‌ರಷ್ ದೊಡ್ಡವು. ಪೂರ್ತಿ ಬೇಕಾದರೆ ತಿಂಗಳಿಗೆ ಅವು ಕೇಳುವ ದುಡ್ಡಿಗೆ ನಮ್ಮಲ್ಲಿ ಎಷ್ಟೋ ಬಾಟಲಿ ಹೋಗಬೇಕು. ಪುಕ್ಕಟೆ ತೋರಿಸುವಷ್ಟನ್ನು ನೋಡಿದೆ. ಗೂಗಲ್‌ನದ್ದೇ ಕೀವರ್ಡ್ ಪ್ಲಾನರ್ ಕೂಡ ಇದೆ. ಅದಕ್ಕೆ ಗೂಗಲ್ ಆ್ಯಡ್ಸ್ ಖಾತೆ ಬೇಕು. ಪದದ ಬದಲು ಎದುರಾಳಿಯ ವಿಳಾಸವನ್ನೇ ಕೊಟ್ಟರೂ ಅದು ಆ ಪುಟಕ್ಕೆ ಹೊಂದುವ ಪದಗಳನ್ನು ಉದುರಿಸುತ್ತದೆ. ಜಾಹೀರಾತಿಗೆ ಖರ್ಚು ಮಾಡದವರಿಗೆ ಸರಿಯಾದ ಸಂಖ್ಯೆ ಕೊಡುವುದಿಲ್ಲ. ತಿಂಗಳಿಗೆ 100ರಿಂದ 1000 ಹುಡುಕಾಟ ಅನ್ನುತ್ತದೆ. ನಮ್ಮೂರಲ್ಲಿ ಬಸ್ ಎಷ್ಟು ಹೊತ್ತಿಗೆ ಅಂದರೆ ‘ಬರ್ತದೆ’ ಅಂತಾರಲ್ಲ, ಹಾಗೆ.

ಆ ಪಟ್ಟಿಯಲ್ಲಿ ‘ಅಪ್ಪೆ’ ಎನ್ನುವ ಪದದ ಮುಂದೆ ದೊಡ್ಡ ಸಂಖ್ಯೆ ಕಂಡಾಗ ಎದೆ ಹಾರಿತು. ಇಷ್ಟೊಂದು ಜನ ಅಪ್ಪೆ ಹುಡುಕುತ್ತಾರಾ! ಅತ್ತಿಗೆಯನ್ನು ಕರೆದು ತೋರಿಸಿದೆ. ಅವರೂ ಸೆರಗಿಗೆ ಕೈ ಒರೆಸಿಕೊಂಡು ನೋಡಿದರು. ಆಮೇಲೆ ಅದನ್ನೇ ಗೂಗಲ್‌ಗೆ ಹಾಕಿದರೆ ಬಂದದ್ದೆಲ್ಲ ಕಪ್ಪು ಗುಳಿಕಾವಲಿ, ರವೆ ಹಿಟ್ಟು, ತೆಂಗಿನಕಾಯಿ ಚಟ್ನಿ. ಮರಾಠಿಯವರು ನಮ್ಮ ಪಡ್ಡುವಿಗೆ ಅಪ್ಪೆ ಅನ್ನುತ್ತಾರೆ. ‘ಮಿಡಿ’ ಅಂತ ಹಾಕಿದೆ. ಮೊಣಕಾಲ ಕೆಳಗೆ ಬರುವ ಲಂಗ ಬಂತು, ಸಂಗೀತದ ಕೀಬೋರ್ಡ್ ಬಂತು. ಅತ್ತಿಗೆ ‘ಲಂಗದವ್ರು ಉಪ್ಪಿನಕಾಯಿ ತಗೊಳ್ಳಲ್ಲ ಅಂತೇನಿಲ್ಲ’ ಅಂದು ಒಳಗೆ ಹೋದರು.

ಅಂದಿನಿಂದ ಒಂದು ಅಭ್ಯಾಸ ಮಾಡಿಕೊಂಡೆ. ಟೂಲ್ ಯಾವ ಪದ ಕೊಟ್ಟರೂ ಮೊದಲು ಅದನ್ನು ಗೂಗಲ್‌ನಲ್ಲಿ ಹಾಕಿ, ಹತ್ತು ಫಲಿತಾಂಶ ಕಣ್ಣಾರೆ ನೋಡುವುದು. ಅಡುಗೆ ವಿಧಾನವೇ ತುಂಬಿದ್ದರೆ ಹುಡುಕುವವರು ತಾವೇ ಹಾಕಿಕೊಳ್ಳುವವರು. ಅಂಗಡಿಗಳೇ ತುಂಬಿದ್ದರೆ ಕೊಳ್ಳುವವರು. ಒಬ್ಬ ಎದುರಾಳಿಯ ಪಟ್ಟಿಯಲ್ಲಿ ‘ಜಿಐ ಟ್ಯಾಗ್ ಪಡೆದ ಮಾವು’ ಇತ್ತು. ಅಪ್ಪೆಮಿಡಿಗೆ ಜಿಐ, ಅಂದರೆ ಇಂಥ ಊರಿನದ್ದು ಅನ್ನುವ ಅಧಿಕೃತ ಗುರುತು, ಇರುವುದು ನಿಜ. ಆದರೆ ಅದನ್ನು ಹುಡುಕುವವರು ಯಾರು? ಕೆಎಎಸ್ ಪರೀಕ್ಷೆಗೆ ಓದುವ ನನ್ನ ಮೈದುನನಂಥವರು. ಅವನು ಉಪ್ಪಿನಕಾಯಿ ಕೊಂಡದ್ದನ್ನು ನಾನಂತೂ ನೋಡಿಲ್ಲ. ಇನ್ನೊಬ್ಬರ ಪಟ್ಟಿಯಲ್ಲಿ ಮೇಲಿದ್ದದ್ದೆಲ್ಲ ಅವರದ್ದೇ ಅಂಗಡಿಯ ಹೆಸರು. ಅದು ಅವರು ದುಡಿದು ಗಳಿಸಿದ್ದು. ನಾವು ಅಲ್ಲಿ ಕೈ ಹಾಕಿ ಪ್ರಯೋಜನವಿಲ್ಲ.

ನಿಜವಾಗಿ ಉಪಯೋಗಕ್ಕೆ ಬಂದದ್ದು ‘ಮಾವಡು’. ತಮಿಳರು ಎಳೆ ಮಾವನ್ನು ಉಪ್ಪುನೀರಿನಲ್ಲಿ ಹಾಕಿಡುವುದಕ್ಕೆ ಮಾವಡು, ವಡು ಮಾಂಗಾಯ್ ಅನ್ನುತ್ತಾರೆ. ಮುಂದಿದ್ದ ನಾಲ್ವರಲ್ಲಿ ಇಬ್ಬರು ಆ ಪದಕ್ಕೂ ಬರುತ್ತಿದ್ದರು. ಮಿಡಿಯನ್ನೇ ಮಾವಡು ಅಂತ ಬರೆದುಬಿಟ್ಟಿದ್ದರು. ನನಗೆ ಅದು ಸರಿ ಕಾಣಲಿಲ್ಲ. ನಮ್ಮ ಮಿಡಿಯ ಗಮ್ಮತ್ತು ಇರುವುದೇ ಅದರ ಸೊನೆಯಲ್ಲಿ. ತೊಟ್ಟು ಮುರಿದರೆ ಮೂಗಿಗೆ ಹೊಡೆಯುವ ಆ ವಾಸನೆಯಲ್ಲಿ. ಆದರೆ ಬೆಂಗಳೂರಿನಲ್ಲಿ ಎಳೆ ಮಾವಿನ ಉಪ್ಪಿನಕಾಯಿ ಬೇಕೆನ್ನುವ ಎಷ್ಟೋ ಜನರಿಗೆ ಗೊತ್ತಿರುವ ಪದ ಅದೊಂದೇ. ಕೊನೆಗೆ ‘ಮಾವಡು ಬೇರೆ, ಅಪ್ಪೆಮಿಡಿ ಬೇರೆ’ ಅಂತ ಒಂದು ಪುಟ ಬರೆದೆ. ಸುಳ್ಳೂ ಅಲ್ಲ, ಪದವೂ ಬಂತು.

ನಾವು ಮನೆಯಲ್ಲಿ ಆಡುವ ಪದಗಳ ಕಥೆ ಬೇರೆ. ಹೊಳೆಸಾಲಿನ ಮಿಡಿ, ಜೀರಿಗೆ ಮಿಡಿ, ಅನಂತಭಟ್ಟನ ಅಪ್ಪೆ, ಹೀಗೆ ಮಿಡಿಯ ಬಗೆಗಳು. ಟೂಲ್‌ನಲ್ಲಿ ಇವಕ್ಕೆಲ್ಲ ಸೊನ್ನೆ. ಮೊದಲು ಬೇಜಾರಾಯಿತು. ಆಮೇಲೆ ಟೂಲ್ ಕೆಲಸ ಮಾಡುವ ರೀತಿ ಗೊತ್ತಾಯಿತು. ಅವರ ಹತ್ತಿರ ಒಂದು ದೊಡ್ಡ ಪದಗಳ ಭಂಡಾರ ಇರುತ್ತದೆ. ಒಂದೊಂದನ್ನೇ ಗೂಗಲ್‌ನಲ್ಲಿ ಹುಡುಕಿ, ಯಾವ ಸೈಟ್ ಎಷ್ಟನೆಯದು ಅಂತ ಬರೆದಿಡುತ್ತಾರೆ. ಎಷ್ಟು ಜನ ಬರುತ್ತಾರೆ ಎನ್ನುವುದು ಆ ಸ್ಥಾನದ ಮೇಲೆ ಹಾಕಿದ ಅಂದಾಜು. ಭಂಡಾರದಲ್ಲಿ ಇಲ್ಲದ ಪದ ಅವರ ಪಾಲಿಗೆ ಇಲ್ಲವೇ ಇಲ್ಲ. ಕನ್ನಡ ಲಿಪಿಯ ಪದಗಳು ಅಲ್ಲಿ ತೀರಾ ಕಮ್ಮಿ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವವರಂತೂ ಮಾವಿನ ‘ಮಾ’ಗೆ ಒಬ್ಬರು ಒಂದು ಎ ಹಾಕುತ್ತಾರೆ, ಇನ್ನೊಬ್ಬರು ಎರಡು.

ಇದಕ್ಕೆ ಸರಿಯಾದ ಜಾಗ ಸರ್ಚ್ ಕನ್ಸೋಲ್, ನಮ್ಮ ಸೈಟು ಯಾವ ಹುಡುಕಾಟಕ್ಕೆ ಬಂತು ಅಂತ ಗೂಗಲ್ಲೇ ತೋರಿಸುವ ಕಡೆ. ಪುಕ್ಕಟೆ. ಎದುರಾಳಿಯದ್ದು ಕಾಣುವುದಿಲ್ಲ, ನಮ್ಮದು ಮಾತ್ರ. ಆದರೆ ಅಂದಾಜಲ್ಲ, ಗೂಗಲ್‌ನದ್ದೇ ಲೆಕ್ಕ. 16 ತಿಂಗಳ ಹಿಂದಿನವರೆಗೂ ನೋಡಬಹುದು. ತೀರಾ ಕಮ್ಮಿ ಜನ ಹುಡುಕಿದ್ದನ್ನು ಗುಟ್ಟು ಕಾಯಲು ಮುಚ್ಚಿಡುತ್ತಾರೆ, ಅದೊಂದು ಕೊರತೆ. ಅಲ್ಲಿ ನೋಡಿದರೆ ‘ಜೀರಿಗೆ ಮಿಡಿ’ ಅಂತ ಕನ್ನಡದಲ್ಲೇ ಬರೆದು ಹುಡುಕಿದವರಿದ್ದರು! ನಮ್ಮ ಸೈಟ್ ಆ ಪದಕ್ಕೆ ಸರಾಸರಿ 14ನೇ ಸ್ಥಾನದಲ್ಲಿತ್ತು. ನಮ್ಮ ಪುಟದಲ್ಲಿ ಆ ಪದ ಇದ್ದದ್ದು ಒಂದೇ ಒಂದು ಕಡೆ, ಒಂದು ಫೋಟೋದ ಕೆಳಗೆ. ಎದುರಾಳಿಗಳಲ್ಲಿ ಒಬ್ಬರೂ ಅದರ ಬಗ್ಗೆ ಬರೆದಿರಲಿಲ್ಲ. ಅವರೂ ಟೂಲ್ ನೋಡಿ ಸೊನ್ನೆ ಅಂತ ಬಿಟ್ಟಿರಬೇಕು.

ಟೈಟಲ್ ಬದಲಾಯಿಸಿದೆ. ಜೀರಿಗೆ ಮಿಡಿಗೆ ಒಂದು ಪುಟ ಮಾಡಿದೆ. ಅತ್ತಿಗೆಯ ಹತ್ತಿರ ಕೇಳಿ ಕೇಳಿ ಬರೆದೆ. ಮರ ಹತ್ತಿದವರು ಮಿಡಿಯನ್ನು ನೆಲಕ್ಕೆ ಬೀಳಿಸದೆ ಬುಟ್ಟಿಯಲ್ಲಿ ಇಳಿಸುವುದು, ತೊಟ್ಟು ಎಷ್ಟು ಉದ್ದ ಬಿಡಬೇಕು, ಉಪ್ಪಿನಲ್ಲಿ ಮಿಡಿ ಚಿರುಟಿದ್ದು ಹೇಗೆ ಗೊತ್ತಾಗುತ್ತದೆ, ಎಲ್ಲ. ‘ಉಪ್ಪಿನಕಾಯಿ’ಗೆ ಈಗಲೂ ನಾವು ಎಲ್ಲೂ ಇಲ್ಲ. ಅದರ ಆಸೆಯೂ ಇಲ್ಲ. ಜೀರಿಗೆ ಮಿಡಿಗೆ ಮೂರನೇ ಸ್ಥಾನಕ್ಕೆ ಬಂದಿದ್ದೇವೆ. ಈ ಮೇ ತಿಂಗಳಲ್ಲಿ ಜೀರಿಗೆ ಮಿಡಿಯ ಜಾಡಿ ಖಾಲಿಯಾಗಿ, ನಾಲ್ಕು ಆರ್ಡರ್‌ಗೆ ಇಲ್ಲ ಅನ್ನಬೇಕಾಯಿತು.

ಮೊನ್ನೆ ಕನ್ಸೋಲ್‌ನಲ್ಲಿ ಹೊಸದೊಂದು ಕಂಡಿತು. ‘ಮಿಡಿ ಉಪ್ಪಿನಕಾಯಿ ಮೆತ್ತಗಾದರೆ ಏನು ಮಾಡಬೇಕು’. ಎದುರಾಳಿಗಳ ನಾಲ್ಕೂ ಸೈಟ್ ಜಾಲಾಡಿದೆ, ಎಲ್ಲೂ ಉತ್ತರ ಇಲ್ಲ. ಅತ್ತಿಗೆಯನ್ನು ಕೇಳಿದೆ. ಅವರು ಕಾಯಿ ತುರಿಯುತ್ತಿದ್ದರು, ತಲೆ ಎತ್ತಲಿಲ್ಲ.

‘ಏನು ಮಾಡೋದು? ನೆಲಕ್ಕೆ ಬಿದ್ದ ಮಿಡಿ ಹಾಕಿರ್ತಾರೆ, ಇಲ್ಲಾ ಉಪ್ಪಿಗೆ ಜಿಪುಣತನ ಮಾಡಿರ್ತಾರೆ. ಮೆತ್ತಗಾದ್ಮೇಲೆ ಗಟ್ಟಿ ಆಗಲ್ಲ. ಬೇಗ ತಿಂದು ಮುಗಿಸಿ ಅಂತ ಬರಿ.’

ಹಾಗೇ ಬರೆಯಲು ಕೂತಿದ್ದೇನೆ. ಹೊರಗೆ ಮಳೆ ಹಿಡಿದಿದೆ, ಲ್ಯಾಪ್‌ಟಾಪ್‌ನಲ್ಲಿ ಇನ್ನು ಅರ್ಧ ಗಂಟೆಯ ಚಾರ್ಜ್ ಇದೆ.